ಅಂಗಿಯ ಚೀಟಿಯಲ್ಲಿ ಯಾರ ಹೆಸರು?

ಬಂದಳಿಕೆಯ ಸೋಮೇಶ್ವರ ಗುಡಿಯ ಎದುರು ಒಬ್ಬ ಹುಡುಗಿ ಎರಡು ದಿನ ಕುಳಿತು ಚಿತ್ರ ಬರೆದುಕೊಂಡು ಹೋದಳು. ಆದದ್ದು ಇಷ್ಟೇ. ಆದರೆ ಶಿರಾಳಕೊಪ್ಪದಿಂದ ಸೊರಬದವರೆಗಿನ ನಮ್ಮ ಮೊಹಲ್ಲಾಗಳಲ್ಲಿ ಅದು ಒಂದು ತಿಂಗಳ ಮಾತಾಯಿತು. ಹುಡುಗಿ ಸೊರಬದ ಕಡೆಯ ಒಬ್ಬ ದರ್ಜಿಯ ಮಗಳು. ಬೆಂಗಳೂರಿನ ಕಾಲೇಜೊಂದರಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ತಲೆಯ ಮೇಲೆ ದುಪಟ್ಟಾ, ಮಡಿಲಲ್ಲಿ ದೊಡ್ಡದೊಂದು ಡ್ರಾಯಿಂಗ್ ಪುಸ್ತಕ. ಮುಸ್ಲಿಮರ ಹುಡುಗಿಗೆ ಗುಡಿಯ ಬೊಂಬೆಗಳ ಸಹವಾಸ ಯಾಕೆ ಎಂದು ನಮ್ಮವರು ಕೆಲವರು ಕೇಳಿದರು. ಗುಡಿಯ ಹತ್ತಿರ ಮುಸ್ಲಿಮರ ಹುಡುಗಿಗೆ ಏನು ಕೆಲಸ ಎಂದು ಆ ಕಡೆಯ ಕೆಲವರು ಕೇಳಿದರು. ಒಂದೇ ವಾಕ್ಯವನ್ನು ಎರಡು ಕಡೆಯವರೂ ಹಿಂದುಮುಂದು ಮಾಡಿ ಹೇಳಿದ್ದನ್ನು ಕೇಳಿ ನಮಗೆ ನಗು ಬಂತು. ಕೋಮು ಸೌಹಾರ್ದ ಕೆಲವೊಮ್ಮೆ ಹೀಗೂ ಕಾಣಿಸಿಕೊಳ್ಳುತ್ತದೆ.

ಬಂದಳಿಕೆಯನ್ನು ಒಮ್ಮೆಯಾದರೂ ನೋಡಿದವರು ಈ ಪ್ರಶ್ನೆ ಕೇಳಲಾರರು. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಮೂರು ಮತದವರ ಕಟ್ಟಡಗಳು ಅಲ್ಲಿ ಒಂದೇ ಬಯಲಿನಲ್ಲಿ ನಿಂತಿವೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ 70ರ ಆಡಳಿತವನ್ನು ವಹಿಸಿಕೊಂಡ ಜಕ್ಕಿಯಬ್ಬೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟದ್ದು ಇಲ್ಲಿಯೇ ಎಂದು ಶಾಸನ ಹೇಳುತ್ತದೆ. ಒಂದು ನಾಡನ್ನೇ ಹೆಣ್ಣೊಬ್ಬಳು ನಡೆಸಿದ ಊರಿನಲ್ಲಿ, ಸಾವಿರದ ನೂರು ವರ್ಷಗಳ ನಂತರ, ಹೆಣ್ಣೊಬ್ಬಳು ಪೆನ್ಸಿಲ್ ಹಿಡಿಯಬಹುದೇ ಎಂದು ನಾವು ಚರ್ಚಿಸುತ್ತಿದ್ದೇವೆ. 2022ರಲ್ಲಿ ಹೆಣ್ಣುಮಕ್ಕಳ ತಲೆಯ ಮೇಲಿನ ಒಂದು ತುಂಡು ಬಟ್ಟೆಯ ಬಗ್ಗೆ ಇಡೀ ರಾಜ್ಯವೇ ತೀರ್ಪು ಕೊಡಲು ನಿಂತಾಗಲೂ ಹೀಗೆಯೇ ಆಗಿತ್ತು. ಮಾತಾಡಿದವರಲ್ಲಿ ಹೆಚ್ಚಿನವರು ಗಂಡಸರು. ಬಟ್ಟೆ ತೊಟ್ಟವಳನ್ನು ಕೇಳಿದವರು ಕಡಿಮೆ. ಹೊಲಿದವನನ್ನಂತೂ ಯಾರೂ ಕೇಳಲಿಲ್ಲ.

ಇನ್ನೊಂದು ಆಕ್ಷೇಪ ಪ್ರಜ್ಞಾವಂತರದು. ಫ್ಯಾಷನ್ ಎಂದರೆ ಶ್ರೀಮಂತರ ಶೋಕಿ, ಬಡವರ ಮಕ್ಕಳಿಗೆ ಅದು ಯಾಕೆ ಎನ್ನುತ್ತಾರೆ. ಇವರು ಬಟ್ಟೆಯನ್ನು ಹಗುರವಾಗಿ ಕಾಣುವವರು. ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ನೂಲು ತೆಗೆಯುವ ಕದಿರ ರೆಮ್ಮವ್ವೆ ಇದ್ದರು, ನೇಯುವ ಜೇಡರ ದಾಸಿಮಯ್ಯ ಇದ್ದರು. ಕಾಶಿಯ ಕಬೀರರು ಮಗ್ಗದವರು. ನಮ್ಮ ದರ್ಜಿಗಳು ತಮ್ಮ ಕಸುಬಿನ ಮೂಲವನ್ನು ಹಜರತ್ ಇದ್ರೀಸರ ಸೂಜಿಗೆ ಒಯ್ಯುತ್ತಾರೆ. ಹರಿದ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿಯವರ ಅನುಯಾಯಿಗಳು ನಾವು. ಕುರ್‌ಆನ್ ಉಡುಪನ್ನು ಮಾನ ಮುಚ್ಚುವ ಸಾಧನವೆಂದು ಹೇಳುವಾಗಲೇ ಅಲಂಕಾರವೆಂದೂ ಹೇಳುತ್ತದೆ. ಮೈಸೂರಿಗೆ ರೇಷ್ಮೆಹುಳು ತರಿಸಿದ ಟಿಪ್ಪು ತನ್ನ ಸೈನಿಕರ ಅಂಗಿಯ ಮೇಲೆ ಹುಲಿಪಟ್ಟೆ ಮೂಡಿಸಿದ. ಅರಳೆ ಹಿಂಜಿ ಬದುಕಿದ ಪಿಂಜಾರರು ಈ ನಾಡಿನ ಉದ್ದಗಲಕ್ಕೂ ಇದ್ದಾರೆ. ಹೀಗೆ ನೂಲು, ಸೂಜಿ, ಬಣ್ಣಗಳಿಂದಲೇ ಹೊಟ್ಟೆ ಹೊರೆದ ಸಮುದಾಯದ ಮಗಳು ಅದನ್ನೇ ಕಾಲೇಜಿಗೆ ಹೋಗಿ ಕಲಿತರೆ ಅದು ಶೋಕಿ ಹೇಗಾಗುತ್ತದೆ? ಬಟ್ಟೆಯನ್ನೇ ತೊರೆದು ಹೊರಟ ಅಕ್ಕನ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನದು. ತೊರೆಯುವುದಕ್ಕೂ ಮೊದಲು ಯಾರೋ ನೇಯ್ದಿರಬೇಕಲ್ಲ!

ಹುಡುಗಿ ಮಾಡಿದ ಕೆಲಸವನ್ನು ನಾವು ಕಣ್ಣಾರೆ ನೋಡಿದ್ದೇವೆ. ಸೋಮೇಶ್ವರ ಗುಡಿಯ ಬಾಗಿಲಿನ ಎರಡು ಪಕ್ಕಕ್ಕೂ ಕಲ್ಲಿನ ಜಾಲಂಧ್ರಗಳಿವೆ. ಒಂದು ಪಕ್ಕ ರಾಮಾಯಣ, ಇನ್ನೊಂದು ಪಕ್ಕ ಮಹಾಭಾರತ; ಕಲ್ಲನ್ನು ಕೊರೆದು ತೂತು ಬಿಟ್ಟು, ಉಳಿದ ಕಲ್ಲಿನಲ್ಲೇ ಕಥೆ ಕೂರಿಸಿದ್ದಾರೆ. ಅವಳಿಗೆ ಬೇಕಾದದ್ದು ಕಥೆಗಿಂತ ಆ ತೂತುಗಳು. ಬೆಳಕು ಒಳಗೆ ಬರುವ ಆ ಕ್ರಮವನ್ನು ಹತ್ತಿ ಬಟ್ಟೆಯ ಕುರ್ತಾದ ತೋಳಿಗೆ ತರಬೇಕೆಂದು ಹೊರಟಳು. ಮೊದಲು ಬಟ್ಟೆ ಕತ್ತರಿಸಿ, ಆಮೇಲೆ ಅಂಚು ಹೊಲಿದಳು. ಎಳೆ ಬಿಟ್ಟುಕೊಂಡು ಬಟ್ಟೆ ಚಿಂದಿಯಾಯಿತು. ರಜೆಗೆ ಊರಿಗೆ ಬಂದು ಅಬ್ಬಾನಿಗೆ ತೋರಿಸಿದಾಗ ಅವರು ಕಾಲು ಮಿಷನ್ನಿನಿಂದ ಕಣ್ಣೆತ್ತದೆ, “ಪಹಲೇ ಸೀನಾ, ಬಾದ್ ಮೇ ಕಾಟ್‌ನಾ ಬೇಟಿ” ಎಂದರಂತೆ. ಮೊದಲು ಹೊಲಿ, ಆಮೇಲೆ ಕತ್ತರಿಸು. ನಾಲ್ಕು ಪದದ ಆ ಪಾಠ ಕಾಲೇಜಿನ ಒಂದು ಸೆಮಿಸ್ಟರಿಗೆ ಸಮ. ಗೆರೆಯ ಮೇಲೆ ಒತ್ತಾಗಿ ಹೊಲಿಗೆ ಹಾಕಿ, ಒಳಗಿನ ಬಟ್ಟೆಯನ್ನು ಚಿಕ್ಕ ಕತ್ತರಿಯಿಂದ ತೆಗೆದಾಗ ಜಾಲಂಧ್ರ ನಿಂತಿತು.

ಇನ್ನೊಂದು ಜಾಕೀಟು. ಅಂಗಡಿಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುತ್ತದಲ್ಲ ಕತ್ತರಿಸಿ ಉಳಿದ ಚೂರು, ಅದರದು. ಮಾದರಿಗೆ ಅವಳು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ ಬಂದಿದ್ದಳು. ಸಿದ್ದಿಯರು ಕೌದಿಯ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ‘ಫೂಲಾ’ ಇಡುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಜಾಕೀಟಿನ ಮೂಲೆಗಳಿಗೂ ಫೂಲಾ ಬಂತು. ಮೂರನೆಯದಕ್ಕೆ ಬಣ್ಣ ಅಡಿಕೆ ಚೊಗರಿನದು. ಅಡಿಕೆ ಬೇಯಿಸುವ ಮನೆಗಳಿಂದ ಚೊಗರು ತಂದು ಬಟ್ಟೆ ಅದ್ದಿದರೆ ಕೆಂಪುಮಿಶ್ರಿತ ಕಂದು. ಅದೇ ನೀರಿಗೆ ತುಕ್ಕು ಹಿಡಿದ ಕಬ್ಬಿಣ ಹಾಕಿದರೆ ಕಪ್ಪಿಗೆ ತಿರುಗುತ್ತದೆ. ಇದನ್ನು ವಿವರಿಸುವಾಗ ಹುಡುಗಿಗೆ ಉಸಿರು ಸಾಲುತ್ತಿರಲಿಲ್ಲ. ಪ್ಯಾರಿಸ್, ಮಿಲಾನ್, ರ‍್ಯಾಂಪ್, ತನ್ನದೇ ಒಂದು ಬ್ರಾಂಡ್, ಎಲ್ಲ ಕನಸೂ ಆ ಚೊಗರಿನ ಪಾತ್ರೆಯಲ್ಲೇ ಕುದಿಯುತ್ತಿತ್ತು. ಈ ಉತ್ಸಾಹವನ್ನು ಗೇಲಿ ಮಾಡುವವರ ಜೊತೆ ನಾವಿಲ್ಲ.

ನಮ್ಮ ತಕರಾರು ಅಲ್ಲಿಂದ ಮುಂದೆ ನಡೆದದ್ದರ ಬಗ್ಗೆ. ಪ್ರಾಜೆಕ್ಟ್ ಒಪ್ಪಿಸುವಾಗ ಪ್ರತಿ ಬಟ್ಟೆಯ ಒಳಗೂ ಅವಳು ಒಂದು ಚೀಟಿ ಹೊಲಿದಿದ್ದಳು. ವಿನ್ಯಾಸ ಎಂದು ತನ್ನ ಹೆಸರು, ಹೊಲಿಗೆ ಎಂದು ಅಬ್ಬಾನ ಹೆಸರು, ಕಾಜಾ ಮತ್ತು ಕೈಕೆಲಸ ಎಂದು ಪಕ್ಕದ ಮನೆಯ ಖಾಲಾನ ಹೆಸರು. ಇದು ನಿನ್ನ ಪೋರ್ಟ್‌ಫೋಲಿಯೋ, ಇದರಲ್ಲಿ ಟೈಲರನ ಹೆಸರು ಯಾಕೆ ಎಂದು ಕೇಳಿದರಂತೆ. ಬಿಚ್ಚಿಸಿದರಂತೆ. ಹೆಚ್ಚು ಹೆಸರಿದ್ದರೆ ಸ್ವಂತ ಕೆಲಸವೇ ಎಂಬ ಅನುಮಾನ ಬರುತ್ತದೆ ಎಂದು ಕಾರಣ ಕೊಟ್ಟರಂತೆ. ಯಾವ ಕಾಲೇಜು ಎಂಬುದು ಮುಖ್ಯವಲ್ಲ. ಬೇರೆ ಕಾಲೇಜಾಗಿದ್ದರೂ ಇದೇ ಆಗುತ್ತಿತ್ತು ಎಂಬುದು ನಮ್ಮ ಅನುಮಾನ.

ಈಗ ಬಂದಳಿಕೆಯ ನೆರೆಯ ಬಳ್ಳಿಗಾವಿಗೆ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡದ ಕನ್ನಡಿಗರಿಲ್ಲ. ಕನ್ನಡಿ ಹಿಡಿದವಳು, ಕೇಶ ಶೃಂಗಾರದವಳು, ಆ ಕಾಲದ ಫ್ಯಾಷನ್ನಿನ ಪ್ರದರ್ಶನವೇ ಅಲ್ಲಿದೆ. ಆ ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಹೆಸರಿನ ಜೊತೆ ಊರು, ಊರಿನ ಜೊತೆ ಬಿರುದು. ಬಿರುದುಗಳಲ್ಲಿ ಬೇರೆ ಶಿಲ್ಪಿಗಳನ್ನು ಕೆಣಕುವ ಜಂಬವೂ ಉಂಟು. ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನ. ಉಳಿ ಹಿಡಿದವರ ಹೆಸರು ತನ್ನ ದೇವಾಲಯದಲ್ಲಿ ಯಾಕೆ ಎಂದು ಆ ರಾಜ ಅಳಿಸಲಿಲ್ಲ. ಅಪ್ಪ ಮಗ ಇಬ್ಬರ ಹೆಸರಿದ್ದರೆ ಸ್ವಂತ ಕೆಲಸವೇ ಎಂಬ ಅನುಮಾನ ಯಾರಿಗೂ ಬರಲಿಲ್ಲ. ಒಂಬೈನೂರು ವರ್ಷಗಳ ಹಿಂದೆ ಶಿಕಾರಿಪುರ ಸೀಮೆಯ ಕಸುಬುದಾರ ಕಲ್ಲಿನ ಮೇಲೆ ತನ್ನ ಹೆಸರು ಕೊರೆಯಬಹುದಿತ್ತು. ಅದೇ ಸೀಮೆಯ ದರ್ಜಿ ಇಂದು ಮಗಳ ಅಂಗಿಯ ಒಳಗಿನ ಎರಡು ಇಂಚಿನ ಚೀಟಿಯಲ್ಲೂ ಇರಬಾರದು.

ಈ ಉದ್ಯಮದ ಒಳಗನ್ನು ಸ್ವಲ್ಪ ನೋಡಬೇಕು. ದೊಡ್ಡ ಡಿಸೈನರುಗಳ ಸ್ಟುಡಿಯೋಗಳಲ್ಲಿ ‘ಮಾಸ್ಟರ್‌ಜಿ’ ಎಂದು ಕರೆಸಿಕೊಳ್ಳುವ ಒಬ್ಬರು ಇರುತ್ತಾರೆ. ಕಾಗದದ ಮೇಲಿನ ಚಿತ್ರವನ್ನು ಮೈಗೆ ಕೂರುವ ಬಟ್ಟೆಯಾಗಿಸುವುದು ಅವರ ಕತ್ತರಿ. ಭುಜದ ಇಳಿಜಾರು, ಕಂಕುಳ ಸುತ್ತು, ಯಾವ ಬಟ್ಟೆ ಎಷ್ಟು ಜಗ್ಗುತ್ತದೆ ಎಂಬುದೆಲ್ಲ ಅವರ ಬೆರಳಿಗೆ ಗೊತ್ತು. ಹಲವು ಕಡೆ ಈ ಮಾಸ್ಟರ್‌ಜಿಗಳು, ಜರ್ದೋಜಿ ಕಾರೀಗರರು ನಮ್ಮವರೇ. ‘ಜೀ’ ಎಂಬ ಗೌರವ ಸಿಗುತ್ತದೆ; ಷೋ ಮುಗಿದ ಮೇಲೆ ರ‍್ಯಾಂಪಿನ ತುದಿಗೆ ಬಂದು ಕೈಮುಗಿಯುವವರು ಬೇರೆ. ಇನ್ನು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದು ಶರ್ಟು ಹತ್ತಾರು ತುಂಡು ಕೆಲಸವಾಗಿ ಒಡೆದಿರುತ್ತದೆ. ಒಬ್ಬಳು ದಿನವಿಡೀ ಕಾಲರು, ಇನ್ನೊಬ್ಬಳು ದಿನವಿಡೀ ಕಫ್, ಗಂಟೆಗಿಷ್ಟು ಎಂಬ ಟಾರ್ಗೆಟ್. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದಾಗ ಈ ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು. ಎರಡೇ ದಿನದಲ್ಲಿ, ಏಪ್ರಿಲ್ 19ರಂದು, ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. ನಗರ ಮೊದಲ ಸಲ ಇವರ ಮುಖ ನೋಡಿತು. ಅಲ್ಲಿಯವರೆಗೆ ಅದು ನೋಡಿದ್ದು ಇವರು ಹೊಲಿದ ಅಂಗಿಗಳನ್ನು ಮಾತ್ರ.

ಢಾಕಾ ಬಳಿಯ ರಾನಾ ಪ್ಲಾಜಾ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತಾಗ, ಅಲ್ಲಿ ಯಾವ ಯಾವ ಕಂಪನಿಯ ಬಟ್ಟೆ ತಯಾರಾಗುತ್ತಿತ್ತು ಎಂಬುದನ್ನು ಹುಡುಕಲು ಹೋರಾಟಗಾರರು ಅವಶೇಷಗಳಲ್ಲಿ ಲೇಬಲ್ಲುಗಳನ್ನು ಹೆಕ್ಕಬೇಕಾಯಿತು. ಬ್ರಾಂಡಿನ ಹೆಸರು ಮಣ್ಣಿನಡಿಯಲ್ಲೂ ಓದುವಂತಿತ್ತು. ನನ್ನ ಬಟ್ಟೆ ತಯಾರಿಸಿದವರು ಯಾರು ಎಂದು ಕೇಳುವ ಚಳವಳಿ ಜಗತ್ತಿನಲ್ಲಿ ಹುಟ್ಟಿದ್ದು ಆಮೇಲೆ. ಇವತ್ತು ಆ ಪ್ರಶ್ನೆ ಫ್ಯಾಷನ್ ಕಾಲೇಜುಗಳಿಗೂ ಪಾಠವಾಗಿ ಬಂದಿದೆ. ನಮ್ಮ ಹುಡುಗಿ ಚೀಟಿಯ ಮೇಲೆ ಅದಕ್ಕೆ ಕನ್ನಡದಲ್ಲಿ ಉತ್ತರ ಬರೆದಳು, ಅಷ್ಟೇ ಅವಳ ತಪ್ಪು.

‘ಸ್ಫೂರ್ತಿ’ ಎಂಬ ಪದದ ಬಗ್ಗೆಯೂ ಹೇಳಬೇಕು. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಚಪ್ಪಲಿ ತೋರಿಸಿತು, ಮೂಲ ಹೇಳದೆ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಆ ಚಪ್ಪಲಿಯ ಭೌಗೋಳಿಕ ಗುರುತು 2019ರಿಂದ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳದು. ನಮ್ಮ ಅಥಣಿಯ ಸಮಗಾರರದೂ ಹೌದು. ಆಗ ನಾವೆಲ್ಲ ಸಿಟ್ಟಾದೆವು, ಸರಿ. ಆದರೆ ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿ ಬೆಂಗಳೂರಿನ ಅಂಗಡಿಯೊಂದು ‘ಟ್ರೈಬಲ್ ಕಲೆಕ್ಷನ್’ ಎಂದು ಮಾರಿದಾಗ ನಮಗೆ ಸಿಟ್ಟು ಬರುವುದಿಲ್ಲ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಸುದ್ದಿಯಲ್ಲಿ ನಾವು ಓದಿದ್ದು ಆ ಸಂಖ್ಯೆಗಳನ್ನು. ಶಿಕಾರಿಪುರದ ತಾಂಡಾಗಳಲ್ಲಿ ಕನ್ನಡಿ, ಕವಡೆ ಹೊಲಿಯಬಲ್ಲ ಅಜ್ಜಿಯರು ಇದ್ದಾರೆ. ಅವರ ಬಳಿ ಫೋಟೋ ತೆಗೆಯಲು ಹೋದವರಲ್ಲಿ ಎಷ್ಟು ಜನ ಹೆಸರು ಬರೆದುಕೊಂಡು ಬಂದರು?

ಬೇರೆ ದಾರಿ ಇಲ್ಲವೆಂದು ಹೇಳುವವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಗೆ ಹೋಗಬಹುದು. ರಂಗಕರ್ಮಿ ಪ್ರಸನ್ನ ಅವರೊಂದಿಗೆ ಹಳ್ಳಿಯ ಹೆಂಗಸರು 1990ರ ದಶಕದಲ್ಲಿ ಕಟ್ಟಿದ ‘ಚರಕ’ ಅಲ್ಲಿದೆ. ಚೊಗರಿನ ಬಣ್ಣ, ಕೈಮಗ್ಗದ ಬಟ್ಟೆ, ಸಿದ್ಧ ಉಡುಪು, ಎಲ್ಲವೂ ಸಹಕಾರ ಸಂಘದ ಕೆಲಸ. ಮಾರಾಟ ‘ದೇಸಿ’ ಅಂಗಡಿಗಳಲ್ಲಿ. 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ ಪ್ರಸನ್ನ ಉಪವಾಸ ಕುಳಿತರು. 2020ರಲ್ಲಿ ಚರಕ ತಾನು ದಿವಾಳಿ ಎಂದು ಸಾರಿಕೊಳ್ಳಬೇಕಾಯಿತು. ಇದನ್ನೇ ತೋರಿಸಿ, ನೋಡಿ, ಒಳ್ಳೆಯತನ ಮಾರುಕಟ್ಟೆಯಲ್ಲಿ ನಡೆಯುವುದಿಲ್ಲ ಎನ್ನುವವರಿದ್ದಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ನಾವು ಕೈಮಗ್ಗದ ಅಂಗಿಯ ಬೆಲೆ ಕೇಳಿ ಹಿಂದೆ ಸರಿದು, ಮಾಲಿನಲ್ಲಿ ಅದರ ಮೂರು ಪಟ್ಟು ಕೊಟ್ಟು ಬ್ರಾಂಡಿನ ಅಂಗಿ ತೊಟ್ಟದ್ದೂ ಆ ದಿವಾಳಿಯ ಲೆಕ್ಕದಲ್ಲಿ ಇದೆ.

ನಮ್ಮ ಮನೆಯೊಳಗಿನ ಮಾತೂ ಆಗಲಿ. ಶಿರಾಳಕೊಪ್ಪ, ಸೊರಬದ ಎಷ್ಟೋ ಮನೆಗಳಲ್ಲಿ ಹೆಂಗಸರು ಸೀರೆಗೆ ಕುಚ್ಚು ಕಟ್ಟುತ್ತಾರೆ, ಫಾಲ್ ಹೊಲಿಯುತ್ತಾರೆ, ಬ್ಲೌಸಿಗೆ ಆರಿ ವರ್ಕ್ ಮಾಡುತ್ತಾರೆ. ಸೀರೆಗಿಷ್ಟು ಎಂದು ಕೂಲಿ. ನಡುವಿನವನು ಎಷ್ಟು ತೆಗೆದುಕೊಳ್ಳುತ್ತಾನೆಂದು ಅವರಿಗೆ ತಿಳಿಯದು. ಮದುವೆ ಮನೆಯಲ್ಲಿ ಆ ಸೀರೆ ನೋಡಿ ಮಾಷಾ ಅಲ್ಲಾ ಎನ್ನುವ ನಾವು ಕಟ್ಟಿದವಳು ಯಾರೆಂದು ಕೇಳುವುದಿಲ್ಲ. ದರ್ಜಿ ತನ್ನ ಮಗನನ್ನು ಅಂಗಡಿಯಲ್ಲಿ ಕೂರಿಸುವುದಿಲ್ಲ. ಗಲ್ಫಿಗೆ ಹೋಗಿ ಡ್ರೈವರ್ ಆಗು ಎನ್ನುತ್ತಾನೆ. ಹುನರ್ ಇದ್ದವನಿಗೆ ಇಜ್ಜತ್ ಇಲ್ಲವೆಂದು ಅವನಿಗೆ ಕಲಿಸಿದವರು ನಾವೇ. ಅಂಥ ಮನೆಯಿಂದ ಒಬ್ಬ ಮಗಳು ಅಬ್ಬಾನ ಕತ್ತರಿಯನ್ನು ಹೆಮ್ಮೆಯಿಂದ ಕಾಲೇಜಿಗೆ ಒಯ್ದರೆ ಅವಳ ದುಪಟ್ಟಾದ ಉದ್ದ ಅಳೆಯಲು ಟೇಪು ಹಿಡಿದು ನಿಲ್ಲುವ ಹಿರಿಯರಿಗೆ ನಾವು ಕೇಳುವುದಿಷ್ಟೆ: ಜಮಾತಿನ ಸಭೆಯಲ್ಲಿ ಕುಚ್ಚಿನ ಕೂಲಿಯ ವಿಷಯ ಎಂದಾದರೂ ಬಂದಿದೆಯೇ?

ಕಾರ್ಖಾನೆಯ ಶರ್ಟಿಗೆ ನಲವತ್ತು ಜನರ ಹೆಸರು ಬರೆಯಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಬಲ್ಲೆವು. ಅದು ಆಮೇಲಿನ ಮಾತು. ವಿದ್ಯಾರ್ಥಿಯ ಪ್ರಾಜೆಕ್ಟಿನಲ್ಲಿ ನಲವತ್ತು ಜನ ಇರುವುದಿಲ್ಲ. ಐದಾರು ಉಡುಪು, ಹೊಲಿದವರು ಇಬ್ಬರೋ ಮೂವರೋ. ಎನ್‌ಐಎಫ್‌ಟಿಯಂಥ ಸರ್ಕಾರಿ ಸಂಸ್ಥೆಗಳೇ ವಿದ್ಯಾರ್ಥಿಗಳನ್ನು ಕಸುಬುದಾರರ ಊರುಗಳಿಗೆ ಕಳಿಸುತ್ತವೆ, ಒಳ್ಳೆಯದು. ಹೋಗಿ ಬಂದವರು ಯಾರ ಬಳಿ ಕಲಿತರು, ಎಷ್ಟು ದಿನ ಕಲಿತರು, ಎಷ್ಟು ಕೂಲಿ ಕೊಟ್ಟರು ಎಂಬುದನ್ನು ಬಟ್ಟೆಯೊಳಗಿನ ಚೀಟಿಯಲ್ಲೂ ಅಂಕಪಟ್ಟಿಯಲ್ಲೂ ನಮೂದಿಸಲಿ. ಬರೆಯದವರ ಅಂಕ ಕಡಿಯಲಿ. ಈ ನಾಡಿನ ಯಾವುದಾದರೂ ಫ್ಯಾಷನ್ ಕಾಲೇಜಿನಲ್ಲಿ ಇದು ಈಗಾಗಲೇ ಜಾರಿಯಲ್ಲಿದ್ದರೆ ಅಲ್ಲಿಯ ಅಧ್ಯಾಪಕರು ಈ ಪತ್ರಿಕೆಗೆ ಬರೆಯಲಿ. ಹೊಲಿದವರ ಹೆಸರು, ಊರು ಸಹಿತ.