ಬ್ಯಾಟ್‌ಮನ್ನನ ಜಮಾ-ಖರ್ಚು

ಸಿನಿಮಾದ ವೀರನಿಗೆ ರೊಕ್ಕ ಎಲ್ಲಿಂದ ಬರ್ತದ ಅಂತ ಯಾರೂ ಕೇಳೋದಿಲ್ಲ. ನಾನು ಕೇಳ್ತೀನಿ. ಕೀರ್ದಿ ಬರೆದು ಬರೆದು ಹತ್ತಿದ ಚಟ ಅದು.

ಬಾವಲಿಯ ವೇಷ ಹಾಕಿ ರಾತ್ರಿ ಕಳ್ಳರನ್ನು ಹಿಡಿಯುವ ಸಾಹುಕಾರ ಬ್ರೂಸ್ ವೇಯ್ನ್‌ನ ಕಥೆ ಗೊತ್ತಿದ್ದದ್ದೇ. 1997ರ ‘ಬ್ಯಾಟ್‌ಮನ್ ಅಂಡ್ ರಾಬಿನ್’ ಬರೀ ಬಣ್ಣದ ದೀಪ, ಹುಡುಗಾಟದ ಮಾತು. ಆ ಸರಣಿ ಅಲ್ಲಿಗೇ ಮುಳುಗಿತು. 2005ರಲ್ಲಿ ಕ್ರಿಸ್ಟೋಫರ್ ನೋಲನ್ ‘ಬ್ಯಾಟ್‌ಮನ್ ಬಿಗಿನ್ಸ್’ ತೆಗೆದು ಕಥೆಯನ್ನು ಮೊದಲಿನಿಂದ ಹೇಳಿದರು. ಎಲ್ಲರೂ ‘ನೈಜ ಚಿತ್ರ’ ಅಂದರು. ಚಿತ್ರದ ತುಂಬ ಕತ್ತಲೆ ಇದ್ದರ ನೈಜ ಆಗ್ತದೇನ್ರಿ? ನನಗೆ ನೈಜ ಅನ್ನಿಸಿದ್ದು ಅದರೊಳಗಿನ ಲೆಕ್ಕ.

ಅವನ ಉಡುಪು ಸಿಪಾಯಿಗಳಿಗೆಂದು ಅವನದೇ ಕಂಪನಿ ತಯಾರಿಸಿದ್ದು. ಒಂದಕ್ಕೆ 3 ಲಕ್ಷ ಡಾಲರ್. ಒಬ್ಬ ಸಿಪಾಯಿಯ ಜೀವಕ್ಕೆ ಅಷ್ಟು ಖರ್ಚು ಹೆಚ್ಚಾಯಿತು ಅಂತ ಲೆಕ್ಕದವರು ಕೈಬಿಟ್ಟಿದ್ದರಿಂದ ನೆಲಮಾಳಿಗೆಯಲ್ಲಿ ಬಿದ್ದಿತ್ತು. ಮುಖವಾಡ ಬೇಕಾದದ್ದು ಒಂದೇ, ಆದರೆ ಸಂಶಯ ಬರಬಾರದು ಅಂತ ಆರ್ಡರ್ ಕೊಟ್ಟದ್ದು 10,000ಕ್ಕೆ! ಮೊದಲ ಮಾಲು ಹೊಡೆದರೆ ಒಡೆಯುವಂಥದ್ದು ಬಂತು. ಕೊಟ್ಟವರು ರಿಯಾಯ್ತಿ ಮಾಡಿದರು ಅಂತ ಮನೆಯ ಮುದುಕ ಆಲ್ಫ್ರೆಡ್ ಸಮಾಧಾನ ಹೇಳ್ತಾನೆ. ಮಾಲು ತರಿಸಿ ಕೈ ಸುಟ್ಟುಕೊಂಡವರಿಗೆ ಇದರ ರುಚಿ ಗೊತ್ತು.

ಹಾಗಂತ ಎಲ್ಲಾ ಲೆಕ್ಕ ಸರಿ ಇಲ್ಲ. ಅದೇ ಚಿತ್ರದಲ್ಲಿ ಒಂದು ಯಂತ್ರ ಪೈಪಿನೊಳಗಿನ ನೀರನ್ನೆಲ್ಲ ಉಗಿ ಮಾಡ್ತದ, ಪಕ್ಕದಲ್ಲಿ ನಿಂತ ಮನುಷ್ಯ ಮಾತ್ರ ಆರಾಮ ಇರ್ತಾನ. ಮನುಷ್ಯನ ಮೈಯಲ್ಲಿ ಅರ್ಧಕ್ಕೂ ಮಿಕ್ಕಿ ನೀರೇ ಅಲ್ಲೇನು? ಹೋಗಲಿ, ಅದನ್ನು ಬಿಟ್ಟೆ.

ಬಿಡಲಾಗದ್ದು 2008ರ ‘ದಿ ಡಾರ್ಕ್ ನೈಟ್’ನಲ್ಲಿದೆ. ಜೋಕರ್‌ನನ್ನು ಹಿಡಿಯಲು ವೀರ ಇಡೀ ಊರಿನ ಫೋನುಗಳನ್ನು ಗುಟ್ಟಾಗಿ ತನ್ನ ಕಿವಿ ಮಾಡಿಕೊಳ್ತಾನೆ. 3 ಕೋಟಿ ಜನ. ಬೇಡ ಅಂದವ ಲೂಸಿಯಸ್ ಫಾಕ್ಸ್ ಒಬ್ಬನೇ, ಅವನೂ ಇದೊಂದು ಸಲ ಅಂತ ಒಪ್ಪಿದ. ಯಂತ್ರ ಕಡೆಗೆ ನಾಶವಾಯಿತು, ನಿಜ. ಫೋನಿನ ಒಡೆಯರಿಗೆ ಮಾತ್ರ ಯಾರೂ ಒಂದು ಮಾತು ತಿಳಿಸಲಿಲ್ಲ.

ಕೊನೆಗೆ ಇನ್ನೊಂದು. ಸರ್ಕಾರಿ ವಕೀಲ ಹಾರ್ವಿ ಡೆಂಟ್ ಕೆಟ್ಟು ಕೊಲೆ ಮಾಡಿದ್ದನ್ನು ವೀರನೂ ಪೊಲೀಸ್ ಅಧಿಕಾರಿ ಗಾರ್ಡನ್‌ನೂ ಕೂಡಿ ಮುಚ್ಚಿದರು. ಆ ಸುಳ್ಳಿನ ಮೇಲೆ ಡೆಂಟ್ ಹೆಸರಿನಲ್ಲಿ ಕಾಯ್ದೆ ಬಂತು, ಸಾವಿರ ಜನ ಜೈಲು ಸೇರಿದರು. ಮುಖವಾಡದ ರಿಯಾಯ್ತಿಯನ್ನೂ ಬಿಡದೆ ಬರೆದವರು ಈ ಬಾಕಿಯನ್ನು ನಾಲ್ಕು ವರ್ಷ ಬಿಟ್ಟು, 2012ರ ಮೂರನೆಯ ಚಿತ್ರದಲ್ಲಿ ತೆಗೆದರು. ಅದೂ ಯಾರ ಬಾಯಿಂದ? ಖಳನಾಯಕ ಬೇನ್ ಜೈಲಿನ ಮುಂದೆ ನಿಂತು ಸತ್ಯ ಓದಿ ಹೇಳ್ತಾನೆ. ಆ ಕಾಗದ ಗಾರ್ಡನ್ ತನ್ನ ಕೈಯಾರೆ ಬರೆದದ್ದು, ಬೇನ್ ಕಸಿದುಕೊಳ್ಳುವ ತನಕ ಅವನ ಕೋಟಿನ ಕಿಸೆಯಲ್ಲೇ ಇತ್ತು.