ಕಾವಲು ಹಾಕಿ, ಹೇಳಿ ಹಾಕಿ

ಎಂ.ಕೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ಬಸ್ ಹಿಡಿದು ಕಿತ್ತೂರು, ಬೈಲಹೊಂಗಲ, ಬೆಳಗಾವಿಗೆ ಓದಲು ಹೋಗುವ ಎಷ್ಟೋ ಹುಡುಗ ಹುಡುಗಿಯರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕಾಲೇಜಿನ ಲ್ಯಾಬೇ ಗತಿ. ಅಲ್ಲೇ ಮೇಲ್ ತೆಗೆಯುತ್ತಾರೆ, ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಾರೆ, ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಪರದೆಯ ಮೂಲೆಯಲ್ಲಿ ಭದ್ರತಾ ಸಾಫ್ಟ್‌ವೇರಿನ ಪುಟ್ಟ ಗುರುತು. ವೈರಸ್ ಹಿಡಿಯುವುದಷ್ಟೇ ಅದರ ಕೆಲಸ ಅಂದುಕೊಂಡಿದ್ದೇವೆ.

ಈಗಿನವು ಅಷ್ಟಕ್ಕೆ ನಿಲ್ಲುವುದಿಲ್ಲ. ಯಾವ ಪ್ರೋಗ್ರಾಂ ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಪೆನ್‌ಡ್ರೈವ್ ಹಾಕಿದರು, ಕಂಪ್ಯೂಟರ್ ಯಾವ ವಿಳಾಸಕ್ಕೆ ಸಂಪರ್ಕ ಬೆಳೆಸಿತು, ಇದೆಲ್ಲದರ ದಾಖಲೆ ದೂರದ ಸರ್ವರಿಗೆ ಹೋಗುತ್ತಿರುತ್ತದೆ. ಅಲ್ಲಿ ಕೂತವರು ಮನಸ್ಸು ಮಾಡಿದರೆ ನಿಮ್ಮ ಫೈಲನ್ನೇ ತರಿಸಿಕೊಳ್ಳುವ ಸೌಲಭ್ಯ ಕೆಲವಲ್ಲಿದೆ. ಕಾಲೇಜಿನವರು, ವೈಫೈ ಬೇಕಾದರೆ ನಮ್ಮ ಸರ್ಟಿಫಿಕೇಟನ್ನು ಫೋನಿಗೆ ಹಾಕಿಕೊಳ್ಳಿ ಎಂದರಂತೂ ಇನ್ನಷ್ಟು ಎಚ್ಚರ ಬೇಕು: ಬೀಗದ ಚಿತ್ರವಿರುವ ಬಹಳಷ್ಟು ವೆಬ್‌ಸೈಟುಗಳ ಸಂಗತಿಯನ್ನೂ ನಡುವಿನ ಫೈರ್‌ವಾಲ್ ಬಿಚ್ಚಿ ನೋಡಬಲ್ಲದು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇಂಥದೇ ನಿಗಾದ ಬಗ್ಗೆ ಜಗಳವಾಯಿತು. ಅದರ ಲಾಸ್ ಏಂಜಲೀಸ್ ಆಸ್ಪತ್ರೆಗಳ ಜಾಲಕ್ಕೆ ಕನ್ನ ಬಿದ್ದದ್ದು 2015ರಲ್ಲಿ ಹೊರಬಿತ್ತು; ಸುಮಾರು 45 ಲಕ್ಷ ಜನರ ಮಾಹಿತಿ ಅಪಾಯಕ್ಕೆ ಸಿಕ್ಕಿತ್ತು. ಹೆದರಿದ ಕೇಂದ್ರ ಕಚೇರಿ ಕ್ಯಾಂಪಸ್ಸುಗಳ ಜಾಲದ ಮೇಲೆ ನಿಗಾ ಉಪಕರಣ ಕೂಡಿಸಿತು, ಆದರೆ ಅಧ್ಯಾಪಕರಿಗೆ ಹೇಳಲಿಲ್ಲ. 2016ರ ಆರಂಭದಲ್ಲಿ ಅದರ ಬರ್ಕ್ಲಿ ಕ್ಯಾಂಪಸ್ಸಿನ ಪ್ರಾಧ್ಯಾಪಕರು ಅದನ್ನು ಬಯಲಿಗೆಳೆದರು. ಕನ್ನ ಬಿದ್ದ ಮೇಲೆ ಕಾವಲು ಹಾಕಿದ್ದು ಸರಿಯೇ. ಮುಚ್ಚಿಟ್ಟದ್ದರಿಂದ ಕಚೇರಿಯ ಮೇಲಿನ ನಂಬಿಕೆ ಹೋಯಿತು.

ಇನ್ನು ನಮ್ಮ ದೇಶದ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಬಂದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು ಎನ್ನುತ್ತದೆ. ಅಂದರೆ ಕನ್ನಡದಲ್ಲೂ. ಆದರೆ ಅದರ 7ನೇ ಕಲಮಿನ ಪ್ರಕಾರ, ಸಂಸ್ಥೆಯನ್ನು ನಷ್ಟದಿಂದ ಕಾಯಲು ನೌಕರರ ಒಪ್ಪಿಗೆ ಕೇಳಬೇಕಿಲ್ಲ. ಲ್ಯಾಬಿನ ಹುಡುಗನಿಗಿಂತ ಪಾಠ ಹೇಳುವ ಮಾಸ್ತರರಿಗೇ ರಕ್ಷಣೆ ಕಡಿಮೆ! 2025ರ ನವೆಂಬರಿನಲ್ಲಿ ನಿಯಮಗಳು ಬಂದರೂ ನೋಟಿಸಿನ ಕಲಮು ಜಾರಿಯಾಗಲು 18 ತಿಂಗಳ ಅವಕಾಶವಿದೆ.

ಅಲ್ಲಿಯವರೆಗೆ ಕಾಯುವ ಅಗತ್ಯವೇನಿಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ಈ ಭಾಗದ ಕಾಲೇಜುಗಳು ಲ್ಯಾಬಿನ ಬಾಗಿಲಿಗೆ ಕನ್ನಡದ ಒಂದು ಹಾಳೆ ಅಂಟಿಸಲಿ. ಸಾಫ್ಟ್‌ವೇರಿನ ಹೆಸರೇನು, ಅದು ಏನೇನು ಬರೆದುಕೊಳ್ಳುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತದೆ, ಯಾರು ನೋಡಬಹುದು, ತಕರಾರಿದ್ದರೆ ಯಾರ ಹತ್ತಿರ ಹೋಗಬೇಕು, ಇಷ್ಟು ಅದರಲ್ಲಿ ಇದ್ದರೆ ಸಾಕು. ಹಾಳೆ ಕಾಣದಿದ್ದರೆ ವಿದ್ಯಾರ್ಥಿಗಳೇ ಪ್ರಿನ್ಸಿಪಾಲರನ್ನು ಕೇಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಸರ್ಕಾರಿ ಕಾಲೇಜಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ.