ಮೌನ ಸಮ್ಮತಿಯಲ್ಲ

ದೊಡ್ಡಬಳ್ಳಾಪುರದ ಮಗ್ಗದ ಓಣಿಯೊಂದರಲ್ಲಿ ವಾಸಿಸುವ ವಿಧವೆಯೋರ್ವರು ಜೂನ್ ತಿಂಗಳಲ್ಲಿ ಗೃಹಲಕ್ಷ್ಮಿಯ ಹಣ ಬಂದಿದೆಯೇ ಎಂದು ನೋಡಲು ಬ್ಯಾಂಕಿಗೆ ಹೋದರು. ಹಣ ಬಂದಿತ್ತು. ಆದರೆ ಪಾಸ್‌ಬುಕ್ಕಿನಲ್ಲಿ ಮುದ್ರಿತವಾಗಿದ್ದ ಎರಡು ಸಾಲುಗಳು ಅವರಿಗೆ ಅರ್ಥವಾಗಲಿಲ್ಲ. ಒಂದರಲ್ಲಿ 20 ರೂಪಾಯಿ, ಇನ್ನೊಂದರಲ್ಲಿ 436 ರೂಪಾಯಿ ಕಡಿತವಾಗಿತ್ತು. ಕೌಂಟರಿನಲ್ಲಿ ವಿಚಾರಿಸಿದಾಗ ಸಿಕ್ಕಿದ ಉತ್ತರ: “ಅದು ಇನ್ಶೂರೆನ್ಸ್ ಅಮ್ಮಾ, ಪ್ರತಿ ವರ್ಷ ತಾನಾಗೇ ಕಟ್ ಆಗುತ್ತೆ.” “ನಾನು ಯಾವತ್ತು ಸೇರ್ದೆ ಸರ್?” ಎಂಬ ಅವರ ಎರಡನೆಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸರದಿಯಲ್ಲಿ ಹಿಂದೆ ನಿಂತಿದ್ದವರನ್ನು ಮುಂದಕ್ಕೆ ಕರೆಯಲಾಯಿತು.

ಆ ಪಾಸ್‌ಬುಕ್ಕನ್ನು ನಾವು ಕಣ್ಣಾರೆ ನೋಡಿದ್ದೇವೆ. ಎರಡು ಸಾವಿರದಲ್ಲಿ 456 ರೂಪಾಯಿ ಎಂದರೆ ಐದನೆಯ ಒಂದು ಪಾಲಿಗಿಂತಲೂ ಹೆಚ್ಚು. ಮಗ್ಗದ ಕೂಲಿಯನ್ನು ನಂಬಿದ ಮನೆಗೆ ಅದು ಒಂದು ವಾರದ ತರಕಾರಿ, ಮಗುವಿನ ಪುಸ್ತಕ, ಮುದುಕಿಯ ಮಾತ್ರೆ. 2025ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟವು ‘ಬೆಂಗಳೂರು ಉತ್ತರ’ ಎಂದು ಮರುನಾಮಕರಣ ಮಾಡಲು ನಿರ್ಧರಿಸಿದ ಈ ಗ್ರಾಮಾಂತರ ಜಿಲ್ಲೆಯಲ್ಲಿ ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲಿಗೆ ಹೋದರೂ ಇದೇ ದೂರನ್ನು ನಾವು ಕೇಳಿದ್ದೇವೆ. ಲಾರಿ ಚಾಲಕ, ಹೋಟೆಲ್ ಕೆಲಸಗಾರ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಎಲ್ಲರ ಪ್ರಶ್ನೆಯೂ ಒಂದೇ: ನನ್ನನ್ನು ಯಾರು ಕೇಳಿದರು?

ಮೊದಲು ಆ ಎರಡು ಸಾಲುಗಳು ಏನೆಂದು ತಿಳಿಯೋಣ. 2015ರ ಮೇ 9ರಂದು ಕೇಂದ್ರ ಸರಕಾರವು ಎರಡು ವಿಮಾ ಯೋಜನೆಗಳನ್ನು ಆರಂಭಿಸಿತು. ಒಂದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70ರ ವಯೋಮಾನದವರಿಗೆ ಅಪಘಾತದಲ್ಲಿ ಮರಣವಾದರೆ ಎರಡು ಲಕ್ಷ ರೂಪಾಯಿ. ಇನ್ನೊಂದು, ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ. 18ರಿಂದ 50ರೊಳಗೆ ಸೇರಿದವರಿಗೆ 55ರ ತನಕ, ಮರಣ ಯಾವ ಕಾರಣದಿಂದಾದರೂ ಎರಡು ಲಕ್ಷ. ಆರಂಭದಲ್ಲಿ ಇವುಗಳ ವಾರ್ಷಿಕ ಕಂತು ಕ್ರಮವಾಗಿ 12 ಮತ್ತು 330 ರೂಪಾಯಿ ಇತ್ತು. 2022ರ ಜೂನ್ 1ರಿಂದ ಅದು 20 ಮತ್ತು 436 ಆಯಿತು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಹೀಗಾಗಿಯೇ ಮೇ ತಿಂಗಳ ಕೊನೆಯಲ್ಲಿ ಕೋಟ್ಯಂತರ ಖಾತೆಗಳಿಂದ ಸದ್ದಿಲ್ಲದೆ ಹಣ ಹೊರಟುಹೋಗುತ್ತದೆ.

ಈ ಯೋಜನೆಗಳೇ ಕೆಟ್ಟವು ಎಂದು ನಾವು ಹೇಳುತ್ತಿಲ್ಲ. ವರ್ಷಕ್ಕೆ ಇಪ್ಪತ್ತು ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಬೇರೆಲ್ಲೂ ಸಿಗದು. ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವ ನೆಲಮಂಗಲದ ಯುವಕನ ಮನೆಗೆ ಅದು ಆಸರೆಯಾಗಬಲ್ಲದು. ಸ್ವಯಂ ನವೀಕರಣಕ್ಕೂ ಒಂದು ಸಮರ್ಥನೆಯಿದೆ. ಕಂತು ತಪ್ಪಿದರೆ ರಕ್ಷಣೆ ತಪ್ಪುತ್ತದೆ. ಜೀವನ್ ಜ್ಯೋತಿಗೆ ಹೊಸದಾಗಿ ಸೇರಿದರೆ ಮೊದಲ 30 ದಿನಗಳಲ್ಲಿ ಅಪಘಾತದ ಹೊರತು ಬೇರೆ ಕಾರಣದ ಮರಣಕ್ಕೆ ಪರಿಹಾರವಿಲ್ಲ. ತಿಳಿದು ಸೇರಿದವನಿಗೆ ಸ್ವಯಂ ನವೀಕರಣ ಒಂದು ಅನುಕೂಲ. ತಿಳಿಯದೆ ಸೇರಿಸಲ್ಪಟ್ಟವನಿಗೆ? ಅವನಿಗೆ ಅದು ಪ್ರತಿವರ್ಷ ಪುನರಾವರ್ತನೆಯಾಗುವ ಅನ್ಯಾಯ.

ದುರಂತವೇನೆಂದರೆ, ಈ ಅನ್ಯಾಯದಿಂದ ವಿಮೆಯ ಉದ್ದೇಶವೂ ಈಡೇರುವುದಿಲ್ಲ. ತಾನು ವಿಮೆಗೆ ಸೇರಿದ್ದೇನೆಂದು ಗಂಡನಿಗೇ ಗೊತ್ತಿಲ್ಲದಿದ್ದರೆ ಅವನ ಮರಣಾನಂತರ ಹೆಂಡತಿ ಪರಿಹಾರ ಕೇಳುವುದಾದರೂ ಹೇಗೆ? ನಾಮಿನಿಯ ಹೆಸರು ಯಾರು ಬರೆದರು? 2025ರ ಮೇಯಲ್ಲಿ ಯೋಜನೆಗಳಿಗೆ ಹತ್ತು ವರ್ಷ ತುಂಬಿದಾಗ ಕೇಂದ್ರ ಸರಕಾರ ಹೆಮ್ಮೆಯಿಂದ ಲೆಕ್ಕ ಕೊಟ್ಟಿತು. ಸುರಕ್ಷಾ ಬಿಮಾದಲ್ಲಿ ಒಟ್ಟು ನೋಂದಣಿ 51 ಕೋಟಿ ದಾಟಿದೆ, ಜೀವನ್ ಜ್ಯೋತಿಯಲ್ಲಿ 23 ಕೋಟಿ ದಾಟಿದೆ ಎಂದಿತು. ಅದೇ ಹತ್ತು ವರ್ಷಗಳಲ್ಲಿ ಸುರಕ್ಷಾ ಬಿಮಾದಡಿ ಪರಿಹಾರ ಸಿಕ್ಕಿದ ಪ್ರಕರಣಗಳು ಸುಮಾರು 1.57 ಲಕ್ಷ. 51 ಕೋಟಿಯೆಂಬುದು ವರ್ಷ ವರ್ಷ ಕೂಡಿಸಿದ ಮೊತ್ತ, ಎಲ್ಲವೂ ಇಂದು ಜೀವಂತವಾಗಿರುವ ವಿಮೆಗಳಲ್ಲ ಎಂಬುದು ನಿಜ. ಆದರೂ ಆ ಲೆಕ್ಕ ಹೇಳುವವರಿಗೆ ನಮ್ಮದೊಂದು ಪ್ರಶ್ನೆ: ನೋಂದಣಿಯಾದವರಲ್ಲಿ ತಮ್ಮ ನೋಂದಣಿಯ ಅರಿವಿದ್ದವರೆಷ್ಟು? ಅದರ ಲೆಕ್ಕವನ್ನೂ ಕೊಡಬೇಡವೇ?

ಇನ್ನೊಂದು ಸಂಗತಿ. ಓರ್ವ ವ್ಯಕ್ತಿಗೆ ಎಷ್ಟೇ ಖಾತೆಗಳಿರಲಿ, ಒಂದು ಯೋಜನೆಯಲ್ಲಿ ಒಂದೇ ವಿಮೆ. ಮೂರು ಖಾತೆಗಳಿಂದ ಮೂರು ಬಾರಿ ಕಂತು ಕಡಿತವಾದರೂ ಸಿಗುವುದು ಎರಡು ಲಕ್ಷವೇ ಹೊರತು ಆರು ಲಕ್ಷವಲ್ಲ. ಹೆಚ್ಚುವರಿ ಕಂತು ಮುಟ್ಟುಗೋಲಾಗಬಹುದೆಂದು ನಿಯಮವೇ ಹೇಳುತ್ತದೆ. ನಮ್ಮ ಮನೆಗಳಲ್ಲಿ ವಿದ್ಯಾರ್ಥಿವೇತನಕ್ಕೊಂದು, ಗೃಹಲಕ್ಷ್ಮಿಗೊಂದು, ಸಂಘದ ಸಾಲಕ್ಕೊಂದು ಎಂದು ಖಾತೆಗಳು ಹರಡಿಕೊಂಡಿವೆ. ವಿದ್ಯಾರ್ಥಿವೇತನದ ಮಾತು ಬಂದಾಗ ನೆನಪಾಗುತ್ತದೆ: ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರವು 2022ರಲ್ಲಿ ನಿಲ್ಲಿಸಿತು. ಹಣ ಒಳಬರುವ ಬಾಗಿಲು ಮುಚ್ಚಿತು. ಹೊರಹೋಗುವ ಕಿಂಡಿ ಮಾತ್ರ ತೆರೆದೇ ಇದೆ.

ಇದು ನಡೆಯುವುದು ಹೇಗೆ? ಖಾತೆ ತೆರೆಯುವಾಗ, ಸಾಲ ನವೀಕರಿಸುವಾಗ, ಆಧಾರ್ ಜೋಡಿಸುವಾಗ ಮುಂದಿಟ್ಟ ಹಾಳೆಗಳಿಗೆಲ್ಲ ಜನರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುತ್ತಾರೆ. ಅವುಗಳ ನಡುವೆ ವಿಮೆಯ ಸಮ್ಮತಿ ಪತ್ರವೂ ಇರುತ್ತದೆ. ಅದು ಏನೆಂದು ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸುವ ವ್ಯವಧಾನ ಯಾರಿಗೂ ಇಲ್ಲ. ಮೇಲಿನಿಂದ ಗುರಿ, ಕೆಳಗೆ ಗಡುವು. ಗುಮಾಸ್ತನನ್ನು ಮಾತ್ರ ದೂರಿ ಪ್ರಯೋಜನವಿಲ್ಲ. 436 ರೂಪಾಯಿಯಲ್ಲಿ ವಿಮಾ ಸಂಸ್ಥೆಗೆ 395, ಏಜೆಂಟ್ ಅಥವಾ ಬ್ಯಾಂಕ್ ಮಿತ್ರನಿಗೆ 30, ಬ್ಯಾಂಕಿನ ಖರ್ಚಿಗೆ 11 ಎಂಬ ಹಂಚಿಕೆಯಿದೆ. ಹನ್ನೊಂದು ರೂಪಾಯಿಯ ಆಸೆಗೆ ಯಾವ ಬ್ಯಾಂಕೂ ಇಷ್ಟೊಂದು ಆತುರಪಡದು. ಆತುರವಿರುವುದು ವೇದಿಕೆಯಲ್ಲಿ ಓದಿ ಹೇಳಬೇಕಾದ ಕೋಟಿಗಳ ಸಂಖ್ಯೆಗೆ.

ಖಾಸಗಿ ವಿಮೆಯ ಕತೆಯೂ ಭಿನ್ನವಲ್ಲ. ಸಾಲದ ಜೊತೆಗೆ ತಳಕು ಹಾಕಿದ ವಿಮೆ, ಮೊಬೈಲ್ ಕೊಳ್ಳುವಾಗ ಅಂಟಿಕೊಂಡ ವಿಮೆ, ‘ಮೊದಲ ವರ್ಷ ಉಚಿತ’ ಎಂದು ಸೇರಿಸಿ ಎರಡನೆಯ ವರ್ಷದಿಂದ ಕಡಿಯುವ ವಿಮೆ ಎಲ್ಲವೂ ಇವೆ. 2024ರ ನವೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುವ ಪ್ರವೃತ್ತಿಯನ್ನು ಟೀಕಿಸಿ, ತಮ್ಮ ಮೂಲ ಕೆಲಸದತ್ತ ಗಮನಹರಿಸುವಂತೆ ಹೇಳಿದ್ದರು. ಒಳ್ಳೆಯ ಮಾತು. ಆದರೆ ಸರಕಾರದ್ದೇ ಯೋಜನೆಗೆ ಬಡವರನ್ನು ಕೇಳದೆ ಸೇರಿಸುವುದು ಯಾವ ಬಗೆಯ ಮಾರಾಟ?

‘ಬೇಡವಾದರೆ ಯಾವಾಗ ಬೇಕಾದರೂ ಹೊರಬರಬಹುದಲ್ಲ, ಸುಮ್ಮನಿದ್ದರೆ ಒಪ್ಪಿಗೆಯೆಂದೇ ಅರ್ಥ’ ಎಂಬುದು ಇದನ್ನು ಸಮರ್ಥಿಸುವವರ ಮುಖ್ಯ ವಾದ. ಮೌನಂ ಸಮ್ಮತಿ ಲಕ್ಷಣಂ ಎಂಬ ಗಾದೆಯನ್ನು ಅವರು ಬ್ಯಾಂಕಿಂಗ್ ನಿಯಮವಾಗಿಸಿದ್ದಾರೆ. ಮದ್ರಸದ ಚಾಪೆಯ ಮೇಲೆ ಕುಳಿತು ಕರ್ಮಶಾಸ್ತ್ರ ಓದಿದ ನಮಗೆ ಈ ವಾದ ಹೊಸದೇನಲ್ಲ. ಇದಕ್ಕೆ ಉತ್ತರ ಶತಮಾನಗಳ ಹಿಂದೆಯೇ ಸಿಕ್ಕಿದೆ. ಮೌನವಾಗಿರುವವನ ಬಾಯಿಗೆ ಮಾತನ್ನು ಆರೋಪಿಸಬಾರದು ಎಂಬುದು ಇಮಾಮ್ ಶಾಫಿಈ(ರ)ರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ. ‘ನಿಕಾಹ್‌ನಲ್ಲಿ ಕನ್ಯೆಯ ಮೌನವನ್ನು ಒಪ್ಪಿಗೆಯೆಂದು ನೀವೇ ಪರಿಗಣಿಸುತ್ತೀರಲ್ಲ?’ ಎಂದು ಯಾರಾದರೂ ಕೇಳಬಹುದು. ಹೌದು, ಪರಿಗಣಿಸುತ್ತೇವೆ. ಆದರೆ ಅಲ್ಲಿ ಮೊದಲು ಆಕೆಯನ್ನು ಕೇಳಬೇಕು. ವರ ಯಾರೆಂದು ತಿಳಿಸಬೇಕು. ಕೇಳಿದ ಬಳಿಕದ ಮೌನ ಒಂದು ಉತ್ತರ. ಯಾರೂ ಕೇಳದಿದ್ದಾಗಿನ ಮೌನ ಬರೇ ಮೌನ. ಈ ವ್ಯತ್ಯಾಸವನ್ನು ಅಳಿಸಿಹಾಕಿದರೆ ಜಗತ್ತಿನ ಯಾವ ಒಪ್ಪಂದಕ್ಕೂ ಅರ್ಥ ಉಳಿಯದು.

ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 29ನೇ ಸೂಕ್ತದಲ್ಲಿ ನಿಷೇಧಿಸಿದೆ. ವ್ಯಾಪಾರಕ್ಕೆ ಅಲ್ಲಿ ಅನುಮತಿಯಿದೆ, ಆದರೆ ಉಭಯರ ಸಮ್ಮತಿಯೆಂಬ ಷರತ್ತಿನ ಮೇಲೆ. ಒಬ್ಬನ ಸಂಪತ್ತು ಅವನ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬನಿಗೆ ಸಮ್ಮತವಾಗದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. 330 ರೂಪಾಯಿಗೆ ಒಪ್ಪಿದವನಿಂದ 436 ಕಡಿಯುವಾಗ ಮತ್ತೆ ಕೇಳಬೇಕಾಗಿರಲಿಲ್ಲವೇ? ಬೆಲೆ ಬದಲಾದರೆ ಹೊಸ ಪ್ರಸ್ತಾಪ, ಹೊಸ ಸ್ವೀಕಾರ ಬೇಕೆಂಬುದು ಕರ್ಮಶಾಸ್ತ್ರದ ಪ್ರಾಥಮಿಕ ಪಾಠ. ಸಂತೆಯಲ್ಲಿ ಸೊಪ್ಪು ಮಾರುವವಳೂ ಅದನ್ನು ಬಲ್ಲಳು.

ವಿಮೆಯ ಧಾರ್ಮಿಕ ವಿಧಿಯ ಪ್ರಶ್ನೆಯೂ ಇದೆ. 1985ರ ಡಿಸೆಂಬರಿನಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ ಸಹಕಾರಿ ವಿಮೆಯನ್ನು ಸಮ್ಮತವೆಂದೂ ನಿರ್ಣಯಿಸಿತು. ಭಾರತದ ಪರಿಸ್ಥಿತಿಯಲ್ಲಿ ರಿಯಾಯಿತಿ ಇದೆ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಚರ್ಚೆಯನ್ನು ನಾವಿಲ್ಲಿ ಬೆಳೆಸುವುದಿಲ್ಲ. ಓರ್ವ ವಿಶ್ವಾಸಿ ತನಗೆ ನಂಬಿಕೆಯಿರುವ ಆಲಿಮರನ್ನು ಕೇಳಿ ನಿರ್ಧರಿಸಬೇಕಾದ ವಿಷಯವನ್ನು ಬ್ಯಾಂಕಿನ ಕಂಪ್ಯೂಟರ್ ನಿರ್ಧರಿಸುವಂತಿಲ್ಲ, ಅಷ್ಟೇ. ಇದು ಮುಸ್ಲಿಮರ ಸಮಸ್ಯೆ ಮಾತ್ರವೂ ಅಲ್ಲ. ಪಕ್ಕದ ಮಗ್ಗದಲ್ಲಿ ನೇಯುವ ದೇವಾಂಗ ಸಹೋದರನ ಪಾಸ್‌ಬುಕ್ಕಿನಲ್ಲೂ ಇದೇ ಸಾಲುಗಳಿವೆ.

ಕಾನೂನು ಏನನ್ನುತ್ತದೆ? ರಿಸರ್ವ್ ಬ್ಯಾಂಕ್ 2014ರ ಡಿಸೆಂಬರಿನಲ್ಲಿ ಪ್ರಕಟಿಸಿದ ಗ್ರಾಹಕ ಹಕ್ಕುಗಳ ಸನ್ನದಿನಲ್ಲಿ ಪಾರದರ್ಶಕತೆ ಮತ್ತು ಪ್ರಾಮಾಣಿಕ ವ್ಯವಹಾರದ ಹಕ್ಕು, ತನಗೆ ಹೊಂದುವಂಥದ್ದನ್ನೇ ಪಡೆಯುವ ಹಕ್ಕು, ದೂರು ಮತ್ತು ಪರಿಹಾರದ ಹಕ್ಕು ಸೇರಿವೆ. 2021ರ ಅಕ್ಟೋಬರ್ 1ರಿಂದ ಕಾರ್ಡ್, ವಾಲೆಟ್ ಮತ್ತು ಯುಪಿಐ ಮೂಲಕ ಪದೇ ಪದೇ ನಡೆಯುವ ಸ್ವಯಂ ಪಾವತಿಗೆ 24 ಗಂಟೆ ಮುಂಚೆ ಗ್ರಾಹಕನಿಗೆ ತಿಳಿಸಬೇಕೆಂಬ ನಿಯಮ ಬಿಗಿಯಾಗಿ ಜಾರಿಯಾಯಿತು. ಸುಲಭವಾಗಿ ಒಳಗೆಳೆದು ಹೊರಬರಲು ಸತಾಯಿಸುವ ‘ಚಂದಾ ಬಲೆ’ ಸೇರಿದಂತೆ 13 ಬಗೆಯ ಆನ್‌ಲೈನ್ ವಂಚಕ ತಂತ್ರಗಳನ್ನು 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ನಿಷೇಧಿಸಿತು. ಮೊಬೈಲಿನಲ್ಲಿ ಸಿನೆಮಾ ನೋಡಲು ಚಂದಾ ಕಟ್ಟುವವನಿಗೆ ಇಷ್ಟೆಲ್ಲ ರಕ್ಷಣೆ. ಪಾಸ್‌ಬುಕ್ ಹಿಡಿದು ಸರದಿಯಲ್ಲಿ ನಿಲ್ಲುವ ವಿಧವೆಗೆ? ಮೇ ತಿಂಗಳಲ್ಲಿ ಸಂದೇಶ ಬಂದರೂ ಅದು ಇಂಗ್ಲಿಷಿನಲ್ಲಿ ಬರುತ್ತದೆ. ಖಾತೆಯಲ್ಲಿ ಹಣ ಇಟ್ಟಿರಿ ಎನ್ನುತ್ತದೆ. ನಿಮಗಿದು ಬೇಕೇ ಎಂದು ಕೇಳುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಪ್ರತಿವರ್ಷ ಕಡಿತಕ್ಕೆ ಮೊದಲು ಕನ್ನಡದಲ್ಲಿ ತಿಳಿಸಬೇಕು. ಬೇಡವೆನ್ನಲು ಸುಲಭ ದಾರಿ ಇರಬೇಕು. ಸಮ್ಮತಿ ಪತ್ರ ತೋರಿಸಲಾಗದ ಪ್ರತಿ ಖಾತೆಗೂ ಕಡಿದಷ್ಟೂ ವರ್ಷಗಳ ಹಣವನ್ನು ಮರಳಿಸಬೇಕು.

ಹಾಗಂತ ಎಲ್ಲ ತಪ್ಪನ್ನೂ ಬ್ಯಾಂಕಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಓದದೆ ಸಹಿ ಮಾಡುವುದು ನಮ್ಮ ಹಳೆಯ ರೋಗ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ‘ಹಲಾಲ್’ ಎಂಬ ಒಂದು ಪದವನ್ನು ನಂಬಿ ಮಗಳ ಮದುವೆಯ ಹಣವನ್ನೂ ಕಳಕೊಂಡದ್ದನ್ನು ನೋಡಿದೆವು. ಅದರಿಂದಲೂ ನಾವು ಪಾಠ ಕಲಿತಂತಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಅಶಕ್ತನ ಪರವಾಗಿ ಅವನ ಪೋಷಕ ಹೇಳಿ ಬರೆಸಬೇಕು ಎಂದು ಸವಿಸ್ತಾರವಾಗಿ ಬೋಧಿಸಿದ ಗ್ರಂಥದ ಅನುಯಾಯಿಗಳು ನಾವು. ನಮ್ಮ ಎಷ್ಟು ಮನೆಗಳಲ್ಲಿ ಹೆಂಡತಿಯ ಪಾಸ್‌ಬುಕ್ ಹೆಂಡತಿಯ ಕೈಯಲ್ಲಿದೆ? ಎಷ್ಟು ಮಕ್ಕಳು ತಾಯಿಗೆ ಅದನ್ನು ಓದಿ ಹೇಳಿದ್ದಾರೆ?

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮನೆಯಲ್ಲಿರುವ ಎಲ್ಲ ಪಾಸ್‌ಬುಕ್‌ಗಳಲ್ಲಿ ಮೇ, ಜೂನ್ ತಿಂಗಳ ಸಾಲುಗಳನ್ನು ನೋಡಿ. ವಿಮೆ ಬೇಕೆನಿಸಿದರೆ ಒಂದು ಖಾತೆಯಲ್ಲಿ ಮಾತ್ರ ಇಟ್ಟುಕೊಳ್ಳಿ, ನಾಮಿನಿಯ ಹೆಸರು ಸರಿಯಿದೆಯೇ ಎಂದು ನೋಡಿ, ಮನೆಯವರಿಗೆ ತಿಳಿಸಿ. ಬೇಡವಾದರೆ ಸ್ವಯಂ ಕಡಿತ ರದ್ದುಪಡಿಸಬೇಕೆಂದೂ ಸಮ್ಮತಿ ಪತ್ರದ ಪ್ರತಿ ಕೊಡಬೇಕೆಂದೂ ಕನ್ನಡದಲ್ಲಿಯೇ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ಕಂಪೆನಿಯ ವಿರುದ್ಧದ ದೂರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ.

ಮಸೀದಿಗಳ ಆಡಳಿತ ಸಮಿತಿಗಳಲ್ಲಿ ನಮ್ಮದೊಂದು ವಿನಂತಿ. ತಿಂಗಳಿಗೊಂದು ಶುಕ್ರವಾರ ಜುಮಾದ ಬಳಿಕ ಮಹಲ್ಲಾದ ನಾಲ್ವರು ಪದವೀಧರ ಯುವಕ ಯುವತಿಯರನ್ನು ಕೂರಿಸಿ ಪಾಸ್‌ಬುಕ್ ಓದಿಸಿ, ಅರ್ಜಿ ಬರೆಸಿ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯಿರಲಿ. ನೆರೆಹೊರೆಯ ಹಿಂದೂ ಬಾಂಧವರನ್ನೂ ಕರೆಯಿರಿ. ಅಳತೆ ತೂಕದಲ್ಲಿ ಮೋಸ ಮಾಡುತ್ತಿದ್ದ ಜನತೆಯ ನಡುವೆ ನಿಂತು ಅದನ್ನು ಪ್ರಶ್ನಿಸಿದ ಪ್ರವಾದಿ ಶುಐಬ್(ಅ)ರ ಕತೆಯನ್ನು ಮಿಂಬರಿನ ಮೇಲೆ ಎಷ್ಟೋ ಬಾರಿ ಕೇಳಿದ್ದೇವೆ. ಇಪ್ಪತ್ತು ರೂಪಾಯಿಯಲ್ಲವೇ, ಹೋಗಲಿ ಬಿಡಿ ಎನ್ನುವವರು ಆ ಕತೆಯನ್ನು ಇನ್ನೊಮ್ಮೆ ಕೇಳಲಿ. ಮುಂದಿನ ಮೇ ತಿಂಗಳು ಬರುವ ಮೊದಲು ಆ ವಿಧವೆಯ ಎರಡನೆಯ ಪ್ರಶ್ನೆಗೆ ಬ್ಯಾಂಕು ಉತ್ತರಿಸಬೇಕು. ಉತ್ತರ ಸಿಗುವ ತನಕ ಕೌಂಟರಿನ ಮುಂದೆ ಆಕೆಯ ಜೊತೆ ನಿಲ್ಲುವುದು ನಮ್ಮ ಹೊಣೆ.